ಪಿಂಟ್ಯಾನ ವಾಯುವಿಹಾರ

ನಾಯಿ ಸಾಕಿದವನನ್ನು ಕಂಡರೆ ಲೋಕ ಮರುಗಬೇಕು, ಬದಲಿಗೆ ನಗುತ್ತದೆ. ಇದು ನನಗೆ ಸಹಿಸಲಾಗದ ಸಂಗತಿ. ‘ನಾಯಿಯನ್ನು ನಡೆಸುವುದು’ ಎಂಬ ಮಾತನ್ನು ಮೊದಲು ಆಡಿದವನನ್ನು ಹುಡುಕಿ, ಈ ಮರಾಠಿ ಊರಿನ ಸದಾಶಿವ ಪೇಠದ ನಮ್ಮ ಗಲ್ಲಿಗೆ ಕರೆತಂದು, ಪಿಂಟ್ಯಾನ ಹಗ್ಗವನ್ನು ಅವನ ಕೈಗೆ ಕೊಡಬೇಕೆಂಬುದು ನನ್ನ ಬಹಳ ದಿನದ ಆಸೆ. ಪಿಂಟ್ಯಾಗೆ ಇನ್ನೂ ವರ್ಷ ತುಂಬಿಲ್ಲ. ನಿಂತ ಸ್ಕೂಟರು, ಓಡುವ ರಿಕ್ಷಾ, ಕ್ಲಾಸಿಗೆ ಹೊರಟ ಹುಡುಗಿಯರ ಊಟದ ಡಬ್ಬಿ, ಎಲ್ಲವನ್ನೂ ದೇವರು ತನಗಾಗಿಯೇ ಇಟ್ಟಿದ್ದಾನೆಂದು ಅವನ ನಂಬಿಕೆ. ಹಗ್ಗದ ಇನ್ನೊಂದು ತುದಿಯಲ್ಲಿ ನಾನು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಎಲ್ಲೋ ಹಿಂದೆ.

ಅಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಕಳೆದ ತಿಂಗಳು ಪಿಂಟ್ಯಾ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಅಧ್ಯಕ್ಷರಾದ ಕುಲಕರ್ಣಿಯವರ ಮೇಲೆ ಪ್ರೀತಿಯಿಂದ ಹಾರಿ, ಅವರ ಹಾಲಿನ ಚೀಲಕ್ಕೆ ನೆಲ ಕಾಣಿಸಿದ. ಅವರು ಕನ್ನಡಕ ಸರಿಮಾಡಿಕೊಂಡು, ಭಾನುವಾರದೊಳಗೆ ಈ ನಾಯಿ ಸಭ್ಯವಾಗಿ ನಡೆಯುವುದನ್ನು ಕಲಿಯದಿದ್ದರೆ ಇಲ್ಲಿ ಇರಕೂಡದು ಎಂದು ಶುದ್ಧ ಮರಾಠಿಯಲ್ಲಿ ಹೇಳಿದರು. ನಾನೂ ಅಷ್ಟೇ ಶುದ್ಧ ಮರಾಠಿಯಲ್ಲಿ ಕ್ಷಮೆ ಕೇಳಿದೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ಅವರ ಮನೆಯ ಮಿಕ್ಸರ್ ಕೋಳಿ ಕೂಗುವ ಮೊದಲೇ ಗರ್ಜಿಸುತ್ತದೆ. ಅದಕ್ಕೆ ಗಡುವು ಕೊಟ್ಟವರು ಯಾರು? ಪಿಂಟ್ಯಾನನ್ನು ಕಳಿಸುವುದಾದರೆ ಚಾಕಣದ ನನ್ನ ಭಾವಮೈದುನನ ಮನೆಗೇ ಕಳಿಸಬೇಕು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕಾರ್ಖಾನೆಗೆ ಹೋಗುವವರು. ದಿನವಿಡೀ ಅವನು ಮುಚ್ಚಿದ ಬಾಗಿಲು ನೋಡುತ್ತ ಕೂತಿರುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮನೆಯಲ್ಲೇ ಪಾಠ ಶುರುವಾಯಿತು. ಹಗ್ಗ ಬಿಗಿಯಾದರೆ ನಿಲ್ಲಬೇಕು, ಸಡಿಲವಾದರೆ ನಡೆಯಬೇಕು. ಸರಿಯಾಗಿ ನಡೆದರೆ ಚಪಾತಿಯ ಚೂರು. ಆಶ್ಚರ್ಯವೆಂದರೆ ನಡುಮನೆಯಲ್ಲಿ ‘ನಿಂದ್ರು’ ಎಂದರೆ ನಿಲ್ಲುತ್ತಿದ್ದ, ‘ಹಗೂರಕ’ ಎಂದರೆ ಹೊಸ ಅಳಿಯನ ಹಾಗೆ ಮೆಲ್ಲಗೆ ನಡೆಯುತ್ತಿದ್ದ. ಹೊರಗೆ ಕಾಲಿಟ್ಟನೋ, ಕಿವುಡ. ‘ಥಾಂಬ್, ಥಾಂಬ್’ ಎಂದು ನಾನು ಅರಚಿದರೆ ರಿಕ್ಷಾದವನು ಬ್ರೇಕ್ ಹಾಕುತ್ತಿದ್ದ, ದಾರಿಹೋಕರು ನಿಲ್ಲುತ್ತಿದ್ದರು. ಪಿಂಟ್ಯಾ ಒಬ್ಬ ನಿಲ್ಲುತ್ತಿರಲಿಲ್ಲ.

“ನನ್ನ ಚಪಾತಿ ತಿಂದು ನನಗೇ ಮರ್ಯಾದಿ ಕೊಡೂದಿಲ್ಲ,” ಎಂದು ಶನಿವಾರ ಹೆಂಡತಿಯ ಮುಂದೆ ರೇಗಾಡಿದೆ.

ಸುಮಾ ಮೆಂತ್ಯದ ಸೊಪ್ಪಿನಿಂದ ತಲೆ ಎತ್ತದೆ, “ಮನ್ಯಾಗ ಅವಗ ಏನಂತೀರಿ?” ಎಂದಳು.

“ನಿಂದ್ರು ಅಂತೀನಿ.”

“ಹೊರಗ?”

“ಥಾಂಬ್ ಅಂತೀನಿ.”

“ಹೊಸ್ತಿಲ ದಾಟಿದ ಕೂಡಲೇ ನಿಮ್ಮ ಬಾಯಾಗ ಮರಾಠಿ ಬರ್ತದ. ಆ ಮೂಕಪ್ರಾಣಿಗೆ ಹೆಂಗ ತಿಳೀಬೇಕ್ರಿ?”

ನನಗೆ ಭಾರಿ ಸಿಟ್ಟು ಬಂತು. ಧಾರವಾಡ ಬಿಟ್ಟು ಬಂದು, ಬೆವರು ಸುರಿಸಿ ಕಲಿತ ಮರಾಠಿ ಅದು. ನಾನು ಹೊರಗಿನವನೆಂದು ತರಕಾರಿಯವಳಿಗೂ ಗೊತ್ತಿಲ್ಲ. ಒಂದು ನಾಯಿಗಾಗಿ ಆ ಗುಟ್ಟನ್ನು ಬೀದಿಯಲ್ಲಿ ರಟ್ಟು ಮಾಡಬೇಕೇ?

ಭಾನುವಾರ ಬೆಳಗ್ಗೆ ಕುಲಕರ್ಣಿಯವರು ಹಾಲಿನ ಚೀಲದೊಂದಿಗೆ ಗೇಟಿನಲ್ಲಿಯೇ ಕಾದಿದ್ದರು. ಪಿಂಟ್ಯಾ ಅವರನ್ನು ಕಂಡ, ಹಗ್ಗ ಬಿಗಿಯಿತು. ‘ಥಾಂಬ್’ ನಾಲಿಗೆಯ ತುದಿಗೆ ಬಂದಿತ್ತು. ಚಾಕಣದ ಮುಚ್ಚಿದ ಬಾಗಿಲು ಕಣ್ಣಮುಂದೆ ಬಂತು. ಮಾನ ಹೋದರೆ ಹೋಗಲಿ ಎಂದು, ಇಡೀ ಗಲ್ಲಿಗೆ ಕೇಳುವಂತೆ, “ನಿಂದ್ರು ಪಿಂಟ್ಯಾ, ಹಗೂರಕ” ಎಂದು ಕೂಗಿದೆ.

ಪಿಂಟ್ಯಾ ನಿಂತ. ಹಿಂದೆ ಸರಿಯಲು ಎತ್ತಿದ ಕಾಲನ್ನು ಹಾಗೆಯೇ ಇಳಿಸಿ ಕುಲಕರ್ಣಿಯವರೂ ನಿಂತರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಯಾವೂರವ್ರಿ ನೀವು?” ಎಂದರು.

“ಧಾರವಾಡ್ರಿ.”

“ನಾವು ಬೆಳಗಾವಿ ಕಡೆಯವ್ರು. ಇಷ್ಟು ವರ್ಷ ಒಂದ ಮಾತು ಹೇಳಲಿಲ್ಲಲ್ರಿ?”

“ನೀವೂ ಹೇಳಲಿಲ್ಲಲ್ರಿ.”

ಅವರು ಪಿಂಟ್ಯಾನ ತಲೆ ಸವರಿದರು. “ಭಾಳ ಶಾಣ್ಯಾ ಅದಾನ. ಇರಲಿ ಬಿಡ್ರಿ,” ಎಂದರು. ಗಡುವಿನ ಸುದ್ದಿ ಅಲ್ಲಿಗೆ ಮುಗಿಯಿತು.

ಅಂದಿನಿಂದ ಪ್ರತಿ ಬೆಳಗ್ಗೆ ನಾವಿಬ್ಬರೂ ಗೇಟಿನಲ್ಲಿ ನಿಂತು ಕನ್ನಡದ ಹಳೆಯ ಬಾಕಿ ತೀರಿಸುತ್ತಿದ್ದೇವೆ. ‘ಬರ್ತೀನ್ರಿ’ ಎಂದು ಹೇಳಿ ಮತ್ತೆ ಹೊಸದಾಗಿ ಶುರುಮಾಡುತ್ತೇವೆ. ಪಿಂಟ್ಯಾ ಕಾಲ ಬಳಿ ಸಡಿಲ ಹಗ್ಗದಲ್ಲಿ ಋಷಿಯಂತೆ ಕೂತಿರುತ್ತಾನೆ. ಕೊನೆಗೆ ಸುಮಾ ಮೇಲಿನಿಂದ, “ಸಾಕು, ಮ್ಯಾಲ ಬರ್ರಿ” ಎಂದು ಅಪ್ಪಟ ಕನ್ನಡದಲ್ಲಿ ಕೂಗುತ್ತಾಳೆ. ಪಿಂಟ್ಯಾ ತಟ್ಟನೆ ಏಳುತ್ತಾನೆ. ನಾನು ಕೇಳಿಸದವನಂತೆ ನಿಂತೇ ಇರುತ್ತೇನೆ. ಆಗ ಆ ದುಷ್ಟನು ಹಗ್ಗವನ್ನು ಬಾಯಲ್ಲಿ ಕಚ್ಚಿ, ನಾಲ್ಕು ಜನ ನೋಡುವಂತೆ, ನನ್ನನ್ನು ಮನೆಗೆ ನಡೆಸುತ್ತಾನೆ.