ಹೊಸ್ತಿಲಿನಿಂದ ಹೊಸ್ತಿಲಿಗೆ ಎಂಟು ತಾಸು

ವಿಮಾನ ಕಂಪನಿಯವರೆಲ್ಲ ಸುಳ್ಳು ಹೇಳುತ್ತಾರೆ ಎಂದು ಒಬ್ಬನೇ ನಿಂತು ಸಾಧಿಸಬಲ್ಲ ಗಂಡಸು ಈ ಭೂಮಿಯ ಮೇಲಿದ್ದರೆ ಅವನು ಗೋಕಾಕದಲ್ಲಿದ್ದಾನೆ. ನನ್ನ ದುರ್ದೈವಕ್ಕೆ ಅವನು ನನ್ನ ಅವ್ವನ ತಮ್ಮ!

ಮಾಮಾ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಬಂದ ಹೊತ್ತನ್ನು ದಪ್ಪ ವಹಿಯಲ್ಲಿ ಬರೆಯುವುದು ಅವನ ಕೆಲಸ. ಮೂಡಲಗಿ ಬಸ್ಸು ಎರಡು ನಿಮಿಷ ತಡವಾದರೂ ಕೆಂಪು ಶಾಯಿ. ಒಮ್ಮೆ ಹುಕ್ಕೇರಿ ಬಸ್ಸಿನ ಡ್ರೈವರ್ ಕೈ ಮುಗಿದನಂತೆ: "ಸಾಹೇಬ್ರ, ದಾರ್ಯಾಗ ಎಮ್ಮಿ ಅಡ್ಡ ಬಂದ್ವು. ಟೈಮಿಗೆ ಬಂತಂತ ಬರೀರಿ." ಮಾಮಾ ಬರೆದ: "ಏಳು ನಿಮಿಷ ತಡ. ಕಾರಣ: ಎಮ್ಮಿ."

ಸ್ವಂತ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ಗಡಿಯಾರ ನೋಡಿ, "ಹತ್ತೊಂಬತ್ತು ನಿಮಿಷ ಲೇಟ್" ಎಂದನಂತೆ. ಹೆಂಡತಿಗೆ ಆಡಿದ ಮೊದಲ ಮಾತು ಅದೇ! ಅತ್ತಿ ಇನ್ನೂ ಕ್ಷಮಿಸಿಲ್ಲ.

ನನ್ನನ್ನು ಹೈದರಾಬಾದಿಗೆ ಕೊಟ್ಟಿದ್ದಾರೆ. ಅಲ್ಲಿಂದ ಬೆಳಗಾವಿಗೆ ನೇರ ವಿಮಾನ ಶುರುವಾದಾಗ ಗೋಕಾಕದ ತವರಿನಲ್ಲಿ ಅವ್ವನ ಬಾಜೂ ಕೂತು ಮಾಮಾನಿಗೆ ಫೋನು ತೋರಿಸಿದೆ.

"ನಾನೂರ ಚಿಲ್ಲರ ಕಿಲೋಮೀಟರ್ ಮಾಮಾ. ಬರೇ ಒಂದೂಕಾಲ ತಾಸು!"

"ಯಾರ ಹೊಸ್ತಿಲದಿಂದ ಯಾರ ಹೊಸ್ತಿಲಕ್ಕ?"

"ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ."

"ಅಲ್ಲಿ ಯಾರ ಮನಿ ಐತಿ? ನಿಮ್ಮವ್ವ ಸಾಂಬ್ರಾದಾಗ ರನ್‌ವೇ ಮ್ಯಾಲ ಕುಂತಾಳೇನ?"

ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಶುರುವಾಯಿತು. ಮನೆಯಿಂದ ಏರ್‌ಪೋರ್ಟು, ಅಲ್ಲಿ ಪಾಳಿ ನಿಲ್ಲುವುದು, ಬ್ಯಾಗಿಗೆ ಕಾಯುವುದು, ಬೆಳಗಾವಿಯ ಸಾಂಬ್ರಾದಿಂದ ಅಂಕಲಗಿ ಮೇಲಿಂದ ಗೋಕಾಕ, ಆಟೋ, ಕೊನೆಗೆ ಚಪ್ಪಲಿ ಬಿಡುವ ಹೊತ್ತನ್ನೂ ಬಿಡಲಿಲ್ಲ! "ಎಂಟು ತಾಸು ಹತ್ತು ನಿಮಿಷ." ಅವ್ವ ಬಿದ್ದು ಬಿದ್ದು ನಕ್ಕಳು. ನನಗೆ ಮೈ ಉರಿಯಿತು.

ಖರೆ ಹೇಳಲೇ? ಆ ಒಂದೂಕಾಲು ತಾಸು ನನಗೆ ಬಹಳ ಅನುಕೂಲವಾಗಿತ್ತು. ಅವ್ವ ಹಬ್ಬಕ್ಕೆ ಕರೆದರೆ, "ಒಂದೂಕಾಲ ತಾಸಿನ ದಾರಿ ಬೇ ಯವ್ವಾ, ಯಾವಾಗ ಬೇಕಾದ್ರೂ ಬರ್ತೇನಿ" ಎನ್ನುತ್ತಿದ್ದೆ. ಇಡೀ ದಿನ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ವರ್ಷಕ್ಕೆರಡು ಸಲ ಹೋಗುತ್ತಿದ್ದವಳು, ವಿಮಾನ ಬಂದ ಮೇಲೆ ಮೂರು ವರ್ಷ ಹೋಗಲೇ ಇಲ್ಲ. ನಾಚಿಕೆ ಎನ್ನುವುದು ಇದ್ದರೆ ತಾನೇ!

ಹೋದ ಶ್ರಾವಣದಲ್ಲಿ ಮಾಮಾನ ಫೋನು ಬಂತು. "ಅಕ್ಕಗ ಉಸಿರು ಸರಿ ಆಡವಲ್ದು. ಎಂಟು ತಾಸು ಹತ್ತು ನಿಮಿಷ ಐತಿ. ಈಗ ಹೊರಡು."

"ನಾಳೆ ಬರ್ತೇನಿ ಮಾಮಾ. ಒಂದೂಕಾಲ ತಾಸು, ಎಷ್ಟರ ಮಾತು?"

ಮೊದಲ ಸಲ ಅವನು ವಾದ ಮಾಡಲಿಲ್ಲ. ಮರುದಿನ ನಾನು ಬ್ಯಾಗು ತುಂಬುತ್ತಿದ್ದಾಗ ಅವ್ವ ಹೋದಳು.

ಒಂಬತ್ತಕ್ಕೆ ಮನೆ ಬಿಟ್ಟೆ ಎಂದು ಮಾಮಾನಿಗೆ ಹೇಳಿದ್ದೆ. ಊರಲ್ಲಿ ಹಿರಿಯರು, "ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು, ಎತ್ರಿ" ಎಂದು ಅವಸರ ಮಾಡಿದರಂತೆ. ಮಾಮಾ ಬಾಗಿಲಿಗೆ ಅಡ್ಡ ನಿಂತನಂತೆ. "ಐದೂ ಹತ್ತಕ್ಕ ಬರ್ತಾಳ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

ಆಟೋ ಇಳಿದು ಚಪ್ಪಲಿ ಬಿಟ್ಟಾಗ ಐದೂ ಹತ್ತು.

ಮಾಮಾ ಗಡಿಯಾರ ನೋಡಿದ. ಹುಕ್ಕೇರಿ ಬಸ್ಸಿಗೆ ಏಳು ನಿಮಿಷ ಮಾಫಿ ಮಾಡದ ಮನುಷ್ಯ. ನಾನು ಒಂದು ದಿನ, ಮೂರು ವರ್ಷ ತಡವಾಗಿದ್ದೆ. ಎಲ್ಲರೆದುರು ಬೈಯಲಿ, ಬೈದರೆ ಸ್ವಲ್ಪ ಹಗುರಾದೇನು ಎಂದು ತಲೆ ತಗ್ಗಿಸಿ ನಿಂತೆ.

ಅವನು ನನ್ನ ಕೈ ಹಿಡಿದು ಒಳಗೆ ಕರೆದೊಯ್ದ. ನಮ್ಮಲ್ಲಿಯ ರೂಢಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಕಿವಿಯ ಹತ್ತಿರ ಬಾಗಿದ.

"ಯಕ್ಕಾ, ನಿನ್ನ ಮಗಳು ಬಂದಾಳ ನೋಡು. ಬರೋಬ್ಬರಿ ಟೈಮಿಗೆ ಬಂದಾಳ."