ಅಮ್ಮನವ್ರು ಬಂದಾರ

ಕ್ರೈಸ್ತನಾದವನು ಸಿಟ್ಟನ್ನು ಹೇಗೆ ಗೆಲ್ಲಬೇಕೆಂದು ಇಡೀ ಸಿಂದಗಿ ತಾಲ್ಲೂಕಿಗೆ ತೋರಿಸಿಕೊಡುತ್ತೇನೆ ಎಂದು ನಾನು ಪಣ ತೊಟ್ಟದ್ದು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ. ಕಿವಿ ಚುರುಕು, ನಾಲಿಗೆ ನಿಧಾನ, ಸಿಟ್ಟು ಇನ್ನೂ ನಿಧಾನ! ಯಾರು ಏನೇ ಅಂದರೂ ಮನಸ್ಸಿನಲ್ಲಿ ಹತ್ತು ಎಣಿಸಬೇಕು, ಆಮೇಲೆ ಒಂದೋ ಎರಡೋ ಮಾತು. ಪಾಸ್ಟರು ಹಾಕಿಕೊಟ್ಟ ಈ ವ್ರತವನ್ನು ಅವರಿಗಿಂತ ಚೆನ್ನಾಗಿ ಪಾಲಿಸುತ್ತೇನೆಂದು ಅವರೆದುರೇ ಹೇಳಿ ಬಂದೆ!

ನಾನು ಟೆಲಿಫೋನ್ ಆಪರೇಟರ್. ಟ್ರಂಕ್ ಕಾಲ್‌ಗಳಲ್ಲಿ ಅರಚಿ ಅರಚಿ ಪಳಗಿದ ಗಂಟಲು. ನಾನು ಬಿಜಾಪುರದ ಜೊತೆ ಮಾತಾಡಲು ತಂತಿ ಯಾಕೆ ಬೇಕೆಂದು ಓಣಿಯವರು ಕೇಳುತ್ತಿದ್ದರು. ಹೋದ ವರ್ಷ ನನ್ನ ಹೆಂಡತಿಯ ತಂಗಿ ಸುವಾರ್ತಾಳನ್ನು ನೋಡಲು ಇಂಗಳೇಶ್ವರದಿಂದ ಗಂಡಿನವರು ಬಂದಿದ್ದರು. ಹುಡುಗನ ಸೋದರಮಾವ "ಚಹಾ ಸಪ್ಪಗೈತಿ" ಅಂದ. ನಾನು ಗುಡುಗಿದೆ. ಅವರು ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡಿನ ತನಕ ಓಡಿದರು! ಸಂಬಂಧ ಅಲ್ಲಿಗೇ ಮುರಿಯಿತು.

ಈಗ ಮುದ್ದೇಬಿಹಾಳದಿಂದ ಸರಕಾರಿ ನೌಕರಿಯ ಹುಡುಗನೊಬ್ಬ ಭಾನುವಾರ ಮಧ್ಯಾಹ್ನ ಬರುವವನಿದ್ದ. ಹೆಂಡತಿ ಬಾಳಮ್ಮ ಶನಿವಾರವೇ ಎಚ್ಚರಿಸಿದಳು:

"ಇದೊಂದ ಸಂಬಂಧ ಕೆಟ್ಟಿತಂದ್ರ ನಮ್ಮ ತಂಗೀನ ನೋಡಾಕ ಮತ್ತ ಯಾರೂ ಬರಂಗಿಲ್ಲ. ಆಕಿ ತವರಮನಿ ಹೊರ್ತಿಯೊಳಗ ಕುಂಡ್ರತಾಳ, ನಾನೂ ಹೋಗಿ ಆಕಿ ಬಾಜೂಕ ಕುಂಡ್ರತೇನಿ. ನೀವಿಲ್ಲಿ ನಿಮ್ಮ ಗಂಟಲಾ ಇಟಗೊಂಡ ಇರ್ರಿ!"

ಹತ್ತು ಎಣಿಸಿದೆ. "ಹೂಂ" ಎಂದೆ. ಅವಳು ನನ್ನನ್ನು ಒಂದು ಥರಾ ನೋಡಿ ಒಳಗೆ ಹೋದಳು.

ಅಂದೇ ಸಂಜೆ ಹೊರ್ತಿಯಿಂದ ಅತ್ತೆ ಸುವಾರ್ತಾಳನ್ನು ಕರೆದುಕೊಂಡು ಬಂದರು. ಅತ್ತೆ ಮಿಶನ್ ಬೋರ್ಡಿಂಗಿನಲ್ಲಿ ಮೇಟ್ರನ್ ಆಗಿದ್ದವರು. ನಾನು ಆ ಬೋರ್ಡಿಂಗಿನಲ್ಲಿ ಅವರ ಬೆತ್ತದ ಏಟು ತಿಂದೇ ಬೆಳೆದವನು. ನಮ್ಮ ಚರ್ಚಿನ ಸಭೆಯವರೆಲ್ಲ ಅವರನ್ನು ಕರೆಯುವುದು ಅಮ್ಮನವರು ಎಂದು. ಅಳಿಯನಾದ ಮೇಲೂ ನನ್ನ ಬಾಯಿಂದ 'ಅತ್ತೆ' ಹೊರಟಿಲ್ಲ, ಹೆದರಿಕೆ!

ಭಾನುವಾರ ಆರಾಧನೆ ಮುಗಿಸಿ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಹೆಂಗಸರು ಮೂವರೂ ಹಿಂದಿನ ಅಡುಗೆಮನೆಯಲ್ಲಿದ್ದರು. ಎದುರು ಮನೆಯ ಗುಂಡವ್ವ ಬಂದಳು.

"ಯಾಕ್ರೀ ಅಣ್ಣಾರ, ಮನಿ ಇಷ್ಟ ತಣ್ಣಗೈತಿ? ನಿಮ್ಮ ಆವಾಜನ ಇಲ್ಲ?"

ಹತ್ತು ಎಣಿಸಿದೆ. "ಅಮ್ಮನವ್ರು ಬಂದಾರ."

ಗುಂಡವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಎವ್ವಾ! ಯಾವಾಗ್ರಿ?"

"ನಿನ್ನೆ ಸಂಜಿಕೆ."

"ಯಾರಿಗ್ರಿ? ಆ ಸಣ್ಣ ಹುಡಿಗೀಗೇನು?"

ಎಣಿಕೆಯ ಗದ್ದಲದಲ್ಲಿ ಹುಡುಗಿ ಎಂಬುದಷ್ಟೇ ಕಿವಿಗೆ ಬಿತ್ತು. "ಹುಡಿಗಿ ಸಂಗಾಟನ."

"ಉರಿ ಭಾಳ ಐತೇನ್ರಿ?"

ಅತ್ತೆಯ ಸ್ವಭಾವ ನೆನೆದೆ. "ಭಾಳ!"

ಗುಂಡವ್ವ ನಮ್ಮ ಬಾಗಿಲಿಗೆ ಕೈಮುಗಿದು, ಬೆನ್ನು ತೋರಿಸದೆ ಹಿಂದೆ ಹಿಂದೆಯೇ ನಡೆದು ಹೋದಳು. ಅತ್ತೆಗೆ ಓಣಿಯಲ್ಲಿ ಇಷ್ಟು ಮರ್ಯಾದೆಯೇ ಎಂದು ಬೆರಗಾದೆ.

ಒಳಗೆ ಹೋಗಿ ಮುಖ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು ಬಂದೆ. ಅಷ್ಟರಲ್ಲಿ ಓಣಿಯ ಸದ್ದು ಅಡಗಿತ್ತು. ಪಕ್ಕದ ಮನೆಯ ಶಹಾಬುದ್ದೀನನ ರೇಡಿಯೊ ಹಾಡಿನ ನಡುವೆಯೇ ನಿಂತಿತ್ತು. ಖಾರ ಕುಟ್ಟುವ ಒನಕೆಯೂ ನಿಂತಿತ್ತು. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳೆಯೂ ಇಲ್ಲ. ತಲೆ ಎತ್ತಿದರೆ ನಮ್ಮ ಬಾಗಿಲಿಗೆ ಬೇವಿನ ಗೊಂಚಲು! ಹೊಸ್ತಿಲ ಮುಂದೆ ಹಸಿಹಸಿಯಾಗಿ ಅರಿಷಿಣದ ನೀರು! ಯಾರು ಕಟ್ಟಿದರು? ಯಾರು ಸುರಿದರು?

ಬಾಳಮ್ಮನನ್ನು ಕೂಗಬೇಕೆನ್ನಿಸಿತು. ಆದರೆ ವ್ರತ! ಎಣಿಕೆ ಆರಕ್ಕೆ ಬರುವಷ್ಟರಲ್ಲಿ ಬೆನ್ನ ಹಿಂದೆ ಏನೋ ಸರಕ್ಕೆಂದಿತು. ತಿರುಗಿದೆ. ಕಟ್ಟೆಯ ತುದಿಯಲ್ಲಿ ಒಂದು ಗಡಿಗೆ, ಅದರ ತುಂಬ ತಣ್ಣನೆಯ ಮೊಸರ ಬುತ್ತಿ. ಇಟ್ಟವರಿಲ್ಲ! ತಿರುವಿನಲ್ಲಿ ಶಹಾಬುದ್ದೀನನ ಹೆಂಡತಿ ಶಮ್ಶುನ್ನೀಸಾಳ ಕಪ್ಪು ಬುರ್ಖಾದ ಅಂಚು ಮಾತ್ರ ಮಾಯವಾಯಿತು. ಅರೆ ಮುಚ್ಚಿದ ಕಿಟಕಿಗಳಲ್ಲಿ ಕಣ್ಣುಗಳು, ಕಣ್ಣುಗಳ ಕೆಳಗೆ ಮುಗಿದ ಕೈಗಳು. ನಾನು ಸತ್ತುಹೋಗಿದ್ದೇನೆಯೇ, ನನಗೊಬ್ಬನಿಗೇ ಯಾರೂ ತಿಳಿಸಿಲ್ಲವೇ? ಚಿವುಟಿಕೊಂಡೆ, ನೋಯಿತು. ಸತ್ತವರಿಗೆ ನೋಯುವುದಿಲ್ಲವೆಂದು ಬರೆದುಕೊಟ್ಟವರು ಯಾರು?

ಓಣಿಯ ತುದಿಯಲ್ಲಿ ಬಿಳಿ ಬಟ್ಟೆಯ ಮೂವರು ಕಾಣಿಸಿದರು. ಹುಡುಗ, ಅವನಪ್ಪ, ಅವನ ಮಾವ! ಗುಂಡವ್ವ ಅವರನ್ನು ತಡೆದು ಪಿಸುಗುಟ್ಟಿದಳು, ಬೇವಿನ ಕಡೆ ಬೆರಳು ತೋರಿಸಿದಳು. ಮೂವರೂ ಸದ್ದಿಲ್ಲದೆ ತಿರುಗಿ ನಡೆದರು. ಸುವಾರ್ತಾಳ ಮದುವೆಯೂ ನನ್ನ ಸಂಸಾರವೂ ಕೂಡಿಯೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದವು! ಕೂಗಲು ಬಾಯಿ ತೆರೆದೆ. ಬಿಜಾಪುರಕ್ಕೆ ಮುಟ್ಟುವ ಗಂಟಲಿನಿಂದ ಬರೀ ಗಾಳಿ ಹೊರಟಿತು. ಈ ಸಲ ವ್ರತದಿಂದಲ್ಲ, ನಡುಕದಿಂದ.

ಸ್ವಲ್ಪ ಹೊತ್ತಿಗೆ ಹುಡುಗ ಮರಳಿ ಬಂದ. ಒಬ್ಬನೇ. ಕೈಯಲ್ಲಿ ಕರಿ ಚೀಲ. ಇಡೀ ಓಣಿಯಲ್ಲಿ ಅವನ ಬೂಟಿನ ಸಪ್ಪಳ ಒಂದೇ.

"ಒಳಗ ಎಷ್ಟ ಮಂದಿ ಅದಾರ್ರಿ?"

ಮೂರು ಬೆರಳು ತೋರಿಸಿದೆ.

"ನಿಮಗ ಸೂಜಿ ಆಗೇತೇನ್ರಿ?"

ತಲೆ ಅಲ್ಲಾಡಿಸಿದೆ, ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ. ಅವನು ಚೀಲದಿಂದ ಕವಲು ತುದಿಯ ಸೂಜಿ ತೆಗೆದು, ನನ್ನ ತೋಳು ಹಿಡಿದು ಚಕಚಕನೆ ಹದಿನೈದು ಸಲ ಚುಚ್ಚಿ ಒಳಗೆ ನುಗ್ಗಿದ. ನಾನು ಕಮಕ್ ಕಿಮಕ್ ಅನ್ನಲಿಲ್ಲ!

ಒಳಗೆ ಸುವಾರ್ತಾ ಚೀರಿದಳು. ಅದರ ಮೇಲೆ ಅತ್ತೆಯ ಗರ್ಜನೆ: "ಯಾಂವೋ ನೀ? ಹುಡಿಗಿ ಕೈ ಬಿಡೋ!"

"ಸಿಡುಬಿನ ಸೂಜಿ ಹಾಕಾಂವರಿ ನಾ! ಗುಳ್ಳಿ ನೋಡಬೇಕ್ರಿ!"

"ಯಾರಿಗೋ ಗುಳ್ಳಿ?"

"ಹುಡಿಗಿಗೆ ಅಮ್ಮನವ್ರು ಬಂದಾರಂತ ಎದರ ಮನಿ ಅವ್ವಾರು ಹೇಳಿದ್ರಲ್ಲರಿ!"

"ಅಮ್ಮನವ್ರಂದ್ರ ನಾನ ಅದೇನಿ!"

ಆಗ ನನ್ನ ತಲೆಗೆ ಹೊಳೆಯಿತು. ಓಣಿಯವರ ಬಾಯಲ್ಲಿ ಅಮ್ಮನವರು ಬರುವುದೆಂದರೆ ಮೈಮೇಲೆ ಸಿಡುಬು ಏಳುವುದು! ಬೇವು, ಅರಿಷಿಣ, ಮೊಸರ ಬುತ್ತಿ, ಸದ್ದಡಗಿದ ಓಣಿ, ಎಲ್ಲ ಅದಕ್ಕೇ. ಬೋರ್ಡಿಂಗಿನಲ್ಲಿ ಬೆಳೆದ ನನಗೆ ಅಮ್ಮನವರೆಂದರೆ ಬೆತ್ತ ಹಿಡಿದ ಅತ್ತೆ ಒಬ್ಬರೇ ಆಗಿದ್ದರು.

ಬಾಳಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಸಿಟ್ಟೀಲೆ ಒಂದ ಮನಿಯವ್ರನ್ನ ಓಡಿಸಿದ್ರಿ, ಸುಮ್ಮ ಕುಂತ ಇಡೀ ಓಣೀನ ಓಡಿಸಿದ್ರಲ್ಲರಿ! ಗುಂಡವ್ವ ಏನ ಕೇಳಾಕತ್ಯಾಳ ಅಂತರ ಕೇಳಬಾರದೇನು?"

"ಎಣಸಾಕತ್ತಿದ್ನಿ" ಎಂದು ಗೊಣಗಿದೆ.

ದೇವರು ದೊಡ್ಡವನು! ಬೇರೆ ಗಂಡುಗಳು ಹುಡುಗಿಯನ್ನು ವಾರೆಗಣ್ಣಿನಿಂದ ಒಂದು ಸಲ ನೋಡಿದರೆ ಹೆಚ್ಚು. ಈ ಪುಣ್ಯಾತ್ಮ ಮುಖ, ಎರಡೂ ಕೈ ಬೆಳಕಿಗೆ ಹಿಡಿದು ಸರಕಾರದ ಪರವಾಗಿಯೇ ನೋಡಿಬಿಟ್ಟಿದ್ದ! ಓಡಿಹೋಗಿ ಅಪ್ಪನನ್ನೂ ಮಾವನನ್ನೂ ಬಸ್ಸಿನಿಂದ ಇಳಿಸಿಕೊಂಡು ಬಂದ. ಚಹಾ ಆಯಿತು. ನಾನು ಕೈಕಟ್ಟಿ ಮೂಲೆಯಲ್ಲಿ ನಿಂತಿದ್ದೆ.

"ಹುಡಿಗಿ ಒಪ್ಪಿಗಿ ಐತ್ರಿ" ಎಂದರು ಹುಡುಗನ ಅಪ್ಪ. ಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ನನ್ನತ್ತ ಓರೆಯಾಗಿ ನೋಡಿ ದನಿ ತಗ್ಗಿಸಿದರು. "ಒಂದ ಮಾತ ಕೇಳ್ತೇನಿ, ತಪ್ಪ ತಿಳಿಬ್ಯಾಡ್ರಿ ಅಮ್ಮಾರ. ನಿಮ್ಮ ದೊಡ್ಡ ಅಳಿಯಾರು ಹುಟ್ಟಾ ಮೂಕರೇನ್ರಿ?"

ಅತ್ತೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, ಭಕ್ತಿಯಿಂದ ಕಣ್ಣು ಮುಚ್ಚಿದರು.

"ಇಲ್ಲರಿ. ದೇವರು ನಿನ್ನೆಯಿಂದ ಕರುಣಾ ತೋರಸ್ಯಾನ!"