ಸಮುದ್ರಕ್ಕೆ ಸುಮ್ಮನೆ ಹೋದದ್ದು

ಜಾಹೀರಾತು ನಂಬುವವರಿಂದಲೇ ನನ್ನ ಹೊಟ್ಟೆ ತುಂಬುತ್ತಿತ್ತು. ಆದರೆ ನಂಬುವವರು ನನ್ನ ಮನೆಯಲ್ಲೇ ಹುಟ್ಟಿಕೊಂಡಾರೆಂದು ನಾನು ಎಣಿಸಿರಲಿಲ್ಲ. ಮದ್ರಾಸು ಸರ್ಕಾರದ ಕಾಲ. ರಾಯದುರ್ಗದ ಪೇಟೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಅದರ ಮುಂದೆ ಕಂಪನಿಯವರು ಮೊಳೆ ಹೊಡೆದು ಹೋಗಿದ್ದ ಬಣ್ಣಬಣ್ಣದ ಜಾಹೀರಾತು ತಗಡುಗಳು. ಒಂದರಲ್ಲಿ ಚಹಾ ಕುಡಿದು ಎದೆ ಉಬ್ಬಿಸಿದ ಪೈಲ್ವಾನ, ಇನ್ನೊಂದರಲ್ಲಿ ಸಾಬೂನು ಹಚ್ಚಿ ಹುಣ್ಣಿಮೆ ಚಂದ್ರನಂತಾದ ಹೆಂಗಸು. ಒಮ್ಮೆ ಚಹಾದ ಏಜೆಂಟನು ಗ್ರಾಮಫೋನಿನ ಸಮೇತ ಎತ್ತಿನ ಗಾಡಿಯಲ್ಲಿ ಬಂದು ಸಂತೆಯಲ್ಲಿ ಪುಕ್ಕಟೆ ಚಹಾ ಹಂಚಿದ. ಕುರಿ ಕಾಯುವವನೊಬ್ಬ ಕುಡಿದು, "ಇದು ಯಾವ ಜಡ್ಡಿಗೆ ಔಷಧಿ, ಸಾವ್ಕಾರ್ರೆ?" ಎಂದು ಕೇಳಿದ. "ಎಲ್ಲಾ ಜಡ್ಡಿಗೂ" ಎಂದೆ. ಮುಂದಿನ ಸಂತೆಗೆ ಪೊಟ್ಟಣ ಕೇಳಿಕೊಂಡು ಬಂದ. ವ್ಯಾಪಾರವೆಂದರೆ ಇಷ್ಟೇ.

ಹೀಗಿರುವಾಗ ನನ್ನ ಹೆಂಡತಿ ಗಿರಿಜಮ್ಮ ಮಡಕಶಿರದ ತವರಿನಿಂದ ಬಂದು ರೈಲಿಳಿದಳು. ಕರೆದೊಯ್ಯಲು ಹೋದರೆ, ಕಂಕುಳಲ್ಲಿ ಗಂಟು ಹಿಡಿದು ಸ್ಟೇಷನ್ನಿನ ಗೋಡೆಯನ್ನೇ ನೋಡುತ್ತ ನಿಂತಿದ್ದಾಳೆ. ರೈಲಿನವರು ಅಲ್ಲೊಂದು ಚಿತ್ರ ಅಂಟಿಸಿದ್ದರು. ನೀಲಿ ಸಮುದ್ರ, ಮರಳಿನ ಮೇಲೆ ಬಣ್ಣದ ಕೊಡೆ, ಅದರ ಕೆಳಗೆ ಕುರ್ಚಿಗೆ ಒರಗಿದ ಹೆಂಗಸು. ಬಿಡುವಿನಲ್ಲಿ ಮದ್ರಾಸಿನ ಕಡಲತೀರಕ್ಕೆ ಬನ್ನಿ ಎಂದು ತೆಲುಗಿನಲ್ಲಿ ಬರೆದಿತ್ತು.

"ಈಯಮ್ಮ ಅಲ್ಲಿ ಏನು ಮಾಡ್ತಾ ಅವ್ಳೆ?" ಎಂದಳು.

"ಏನಿಲ್ಲ, ಸುಮ್ನೆ ಕುಂತಾಳ."

"ನಾನೂ ಹಿಂಗೆ ಒಂದ್ಸಲ ಸುಮ್ಕೆ ಕೂತ್ಕಬೇಕು ಕಣ್ರೀ."

"ಅದು ಚಿತ್ರ. ಟಿಕೀಟು ಮಾರಾಕ ಬರೆಸಿರ್ತಾರ."

"ನಿಮ್ಮ ತಗಡು ನಂಬಿ ಊರೆಲ್ಲಾ ಸಾಬೂನು ತಗಂತೈತೆ. ನಾನು ಗೋಡೆ ನಂಬಿದ್ರೆ ಯಾಕೆ ತಪ್ಪು?"

ಜಾಹೀರಾತು ಸುಳ್ಳೆಂದರೆ ಅಂಗಡಿಯ ಮರ್ಯಾದೆ ಹೋಗುತ್ತದೆ, ನಿಜವೆಂದರೆ ಮದ್ರಾಸಿಗೆ ಹೋಗಬೇಕಾಗುತ್ತದೆ. ನಾನು ಗಂಟು ಎತ್ತಿಕೊಂಡು ಮುಂದೆ ನಡೆದೆ.

ಮರೆತುಬಿಡುತ್ತಾಳೆಂದುಕೊಂಡಿದ್ದೆ. ಮರೆಯಲಿಲ್ಲ. ರೊಟ್ಟಿ ಬಡಿಯುತ್ತ, ನನಗೆ ನೀರು ಕೊಡುತ್ತ ಅದೇ ಮಾತು. ನಮ್ಮೊಡನೆ ಇದ್ದ ನನ್ನ ವಿಧವೆ ಅಕ್ಕ ಗಾಬರಿಯಾದಳು. "ಮದ್ರಾಸಿನ್ಯಾಗ ಯಾರು ತೀರಿಕೊಂಡ್ರಪಾ?" ಆಕೆಯ ತಪ್ಪಿಲ್ಲ. ನಮ್ಮ ಜನ ರೈಲು ಹತ್ತುತ್ತಿದ್ದುದೇ ಮದುವೆಗೆ, ಸಾವಿಗೆ, ಕೋರ್ಟಿಗೆ, ಇಲ್ಲವೇ ಹರಕೆಗೆ. ಯಾರೂ ಸತ್ತಿಲ್ಲವೆಂದು ತಿಳಿದ ಮೇಲೆ ಆಕೆಯೇ ದಾರಿ ತೋರಿಸಿದಳು: "ಹಂಗಾರ ತಿರುಪತಿಗೂ ಹೋಗಿ ಬರ್ರಿ. ಕೇಳಿದೋರಿಗೆ ಒಂದು ಕಾರಣ ಆಗ್ತದ."

ನನಗೆ ಹೋದ ಜೀವ ಬಂದಂತಾಯಿತು. ಗಿರಿಜಮ್ಮ ಒಪ್ಪಲಿಲ್ಲ. "ದೇವರಿಗೆ ಇನ್ನೊಂದ್ಸಲ ಹೋಗಾನ. ದೇವರ ಹೆಸರು ಹೇಳ್ಕಂಡು ಸಮುದ್ರ ನೋಡೋದು ಬ್ಯಾಡ." ಆಮೇಲೆ ಮೆಲ್ಲಗೆ ಹೇಳಿದಳು: "ತವರಿಗೆ ಹೋದ್ರೂ, ನೆಂಟರ ಮನೆಗೆ ಹೋದ್ರೂ, ಅಲ್ಲೊಂದು ಒಲೆ ನನಗೋಸ್ಕರ ಕಾದಿರ್ತೈತೆ. ಒಲೆ ಇಲ್ದಿರೋ ಜಾಗಕ್ಕೆ ಒಂದ್ಸಲ ಕರ್ಕಂಡು ಹೋಗ್ರಿ."

ಅಂಗಡಿಯನ್ನು ಅಕ್ಕನಿಗೆ ಒಪ್ಪಿಸಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಮದ್ರಾಸಿನ ಛತ್ರವೊಂದರಲ್ಲಿ ಗಂಟಿಳಿಸಿ ಸಮುದ್ರಕ್ಕೆ ಹೋದೆವು. ಕೊಡೆಯಿಲ್ಲ, ಕುರ್ಚಿಯಿಲ್ಲ. ಕಾದ ಮರಳು, ಮೀನಿನ ವಾಸನೆ. ನಾನು ಗೆದ್ದೆನೆಂದು, "ಎಲ್ಲಿ ಅದ ನಿನ್ನ ಕುರ್ಚಿ?" ಎಂದೆ.

"ಸಮುದ್ರ ಐತಲ್ಲ" ಎಂದು ಗಿರಿಜಮ್ಮ ತೇವದ ಮರಳಿನ ಮೇಲೆ ಕುಳಿತೇಬಿಟ್ಟಳು.

ಅಕ್ಕಿ ಆರಿಸುವ, ಬತ್ತಿ ಹೊಸೆಯುವ, ಹಿಟ್ಟು ನಾದುವ ಅವಳ ಕೈಗಳನ್ನು ನಾನು ದಿನವೂ ನೋಡಿದ್ದೆ. ಅವು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದನ್ನು ನೋಡಿದ್ದು ಅಂದೇ. ನನ್ನ ಪಾಡು ಬೇರೆ. ಗಲ್ಲಾಪೆಟ್ಟಿಗೆಯಿಲ್ಲದೆ ಕೈ ಎಲ್ಲಿಡಬೇಕೋ ತಿಳಿಯದು. ಸುಂಡಲು ಎಂದು ಕೂಗುತ್ತ ಕಡಲೆ ಉಸಲಿ ಮಾರುವವನನ್ನು ಕರೆದು ಕಡಲೆಯ ಧಾರಣೆ ವಿಚಾರಿಸಿ, ಎಲ್ಲಿ ಅಗ್ಗವೆಂದು ತೆಲುಗಿನಲ್ಲಿ ಬುದ್ಧಿ ಹೇಳತೊಡಗಿದೆ. ಗಿರಿಜಮ್ಮ ತಿರುಗಿಯೂ ನೋಡದೆ, "ಇಲ್ಲೂ ಅಂಗಡಿ ತೆಗೀಬ್ಯಾಡ್ರಿ. ಕೂತ್ಕಳ್ರಿ" ಎಂದಳು. ಕುಳಿತೆ. ತಕ್ಷಣವೇ ಒಂದು ಅಲೆ ಬಂದು ಪಂಚೆಯನ್ನೆಲ್ಲ ತೋಯಿಸಿತು. ಅವಳು ಗಟ್ಟಿಯಾಗಿ ನಕ್ಕಳು. ಅಷ್ಟು ದೊಡ್ಡ ನಗುವಿಗೆ ನಮ್ಮ ಮನೆಯಲ್ಲಿ ಜಾಗವೇ ಇರಲಿಲ್ಲವೇನೋ.

ಊರಿಗೆ ಬಂದು ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ತಲೆ ಬಾಚಿ, ಬುತ್ತಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

"ಎಲ್ಲಿಗಕ್ಕ?"

"ಹಗರಿ ಹೊಳೀಗೆ. ಮದ್ರಾಸು ನನ್ನ ಕೈಲಿ ಆಗಂಗಿಲ್ಲ. ಉಸುಕಿನ್ಯಾಗ ಕುಂದ್ರತೀನಿ. ಗಾಡಿ ಹೂಡು."

ಗಾಡಿ ಹೂಡಿದೆ. ಅಂಗಡಿಗೆ ಬೀಗ ಹಾಕುವಾಗ ಪಕ್ಕದ ಬಟ್ಟೆ ಅಂಗಡಿಯ ಬಸಪ್ಪ, "ಏನ್ರಿ, ಬಾಗಿಲು ಹಾಕಿದ್ರಿ? ಏನು ಕೆಲಸ?" ಎಂದು ಕೇಳಿದ. ಬೆಲ್ಲ ತರಲು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಬ್ಬರೂ ಹೆಂಗಸರು ಗಾಡಿಯಿಂದ ನನ್ನನ್ನೇ ನೋಡುತ್ತಿದ್ದರು.

"ಕೆಲಸ ಏನಿಲ್ರಿ. ಸುಮ್ನೆ ಹೊಂಟೀವಿ" ಎಂದೆ.

ಬಸಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ: "ಗಾಡಿಯಾಗ ಇನ್ನೊಬ್ರಿಗೆ ಜಾಗ ಅದ ಏನ್ರಿ?"

ಗಾಡಿ ಹತ್ತಿ, ಸರಿದು ಜಾಗ ಕೊಟ್ಟೆ. ಹೊಳೆ ಸೇರಿ, ಉಸುಕಿನ ಮೇಲೆ ಟವೆಲು ಹಾಸಿ, ನಾನೂ ಬಸಪ್ಪನೂ ಗಟ್ಟಿ ಮನಸ್ಸು ಮಾಡಿ ಸುಮ್ಮನೆ ಕುಳಿತೆವು. ಸ್ವಲ್ಪ ಹೊತ್ತಿಗೆ ನಮ್ಮಲ್ಲಿ ಯಾರೋ ಶೇಂಗಾದ ಧಾರಣೆ ಎತ್ತಿದರು. ಮಾತಿನ ಭರದಲ್ಲಿ ತಿರುಗಿ ನೋಡಿದರೆ, ಹೆಂಗಸರಿಬ್ಬರೂ ಬುತ್ತಿ ಎತ್ತಿಕೊಂಡು ದೂರ ಹೋಗಿ ಕುಳಿತಿದ್ದರು.